ಬಿಷಪ್ ಬ್ರಿಸೊನೆ ಹೆದರಿ ಹಿಂದೆ ಸರಿದ್ನಾ, ಇಲ್ಲಾ ಮೊದ್ಲಿಂದಲೂ ಅಷ್ಟೇನಾ?

ಚಳ್ಳಕೆರೆಯೋನು (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ದಾವಣಗೆರೆಲಿ ಹಿಸ್ಟರಿ ಎಂಎ ಮಾಡ್ತಾ ಇದೀನಿ, ಯುರೋಪಿನ ಮತಸುಧಾರಣೆ ಪೇಪರ್‌ಗೆ ಸೆಮಿನಾರ್ ಕೊಡೋದೈತೆ. ಪೋಪಿನಿಂದ ಬೇರೆ ಆದ ಲೂಥರು, ಕ್ಯಾಲ್ವಿನ್ನು, ಎಂಟನೇ ಹೆನ್ರಿ ಎಲ್ಲಾ ಮುಂದಿನ ಬೆಂಚಿನೋರು ಹಂಚ್ಕೊಂಬಿಟ್ರು, ನನ್ ಪಾಲಿಗೆ ಉಳಿದಿದ್ದು ಚರ್ಚಿನ ಒಳಗೇ ಕೂತು ಅದನ್ನ ಸರಿ ಮಾಡಕ್ಕೆ ನೋಡಿದ ಕ್ಯಾಥೊಲಿಕ್ ಬಿಷಪ್ಪುಗಳು. ಅದ್ರಲ್ಲಿ ಗಿಯೋಮ್ ಬ್ರಿಸೊನೆ ಅಂತ ಒಬ್ಬನ್ನ ಹಿಡ್ಕೊಂಡಿದೀನಿ. ಪ್ಯಾರಿಸ್ಸಿಂದ ಪೂರ್ವಕ್ಕೆ ಮಾರ್ನ್ ನದಿ ದಂಡೆ ಮೇಲೆ ಮೋ ಅಂತ ಒಂದೂರೈತೆ, ಅಲ್ಲಿನ ಬಿಷಪ್ಪು.

ಇಲ್ಲೀತಂಕ ಓದಿರೋದು ಹಿಂಗೈತೆ. 1516ರಲ್ಲಿ ಮೋ ಪೀಠಕ್ಕೆ ಬಂದ, 1518ರಲ್ಲಿ ಪಾದ್ರಿಗಳ ಸಭೆ ಕರೆದು ನಿಮ್ ನಿಮ್ ಊರಲ್ಲಿ ನೀವು ಇರ್ಬೇಕು ಅಂತ ತಾಕೀತು ಮಾಡಿದ, 1521ರಲ್ಲಿ ಲೆಫೆವ್ರ್ ದೆತಾಪ್ಲ್ ಅನ್ನೋ ದೊಡ್ಡ ಪಂಡಿತನ್ನ ಕರ್ಕೊಂಬಂದ, ಅವನ ಹಿಂದೆ ರುಸೆಲ್, ಫರೆಲ್, ಹೀಬ್ರೂ ಬಲ್ಲ ವತಾಬ್ಲ್ ಎಲ್ಲಾ ಬಂದು ಸೇರ್ಕೊಂಡ್ರು, 1523ರಲ್ಲಿ ಲೆಫೆವ್ರ್ ಹೊಸ ಒಡಂಬಡಿಕೆನ (ಬೈಬಲ್ಲಿನ ಯೇಸು ಕತೆ ಇರೋ ಭಾಗ) ಫ್ರೆಂಚಿಗೆ ತಂದ, ಬಡವ್ರಿಗೆ ಅದನ್ನ ಬಿಟ್ಟಿ ಹಂಚಿಸಿದ್ದೂ ಐತೆ. ಇಲ್ಲೀತಂಕ ನಂಗೆ ಬಾಳ ಇಷ್ಟ ಆಯ್ತು. ಆದ್ರೆ ಅದೇ 1523ರ ಅಕ್ಟೋಬರಲ್ಲಿ ಇದೇ ಮನುಷ್ಯ ಲೂಥರ್ ಪುಸ್ತಕ ಯಾರೂ ಇಟ್ಕೋಬಾರ್ದು ಓದಬಾರ್ದು ಅಂತ ಆರ್ಡರ್ ಹೊರಡಿಸ್ತಾನೆ, ಅದಕ್ಕೂ ಮುಂಚೆನೇ ಫರೆಲ್‌ಗೆ ಇಲ್ಲಿ ಮಾತಾಡೋದು ಬೇಡ ಅಂದಿರ್ತಾನೆ. ಇದೇನಣ್ಣ ಇದು? ಕ್ಲಾಸಲ್ಲಿ ಒಬ್ಬ 'ಎರಡು ದೋಣಿ ಮೇಲೆ ಕಾಲಿಟ್ಟೋನು' ಅಂತ ಹೇಳಿ ಮುಗಿಸ್ಬಿಟ್ಟ. ನಮ್ ಮೇಡಂ ಕೇಳೋದು ಒಂದೇ, ನಿನ್ ನಿಲುವೇನು ಅಂತ.

ಇನ್ನೊಂದು, ಮೋ ಊರಲ್ಲಿ ಇವನ ಮಾತು ಹಿಡ್ಕೊಂಡು ಬೀದಿಗೆ ಇಳಿದೋರು ಉಣ್ಣೆ ಹಿಂಜೋರು, ಬಟ್ಟೆ ಕಸುಬಿನೋರು ಅಂತೈತೆ. ನಮ್ ತಾತನ ತನಕ ನಮ್ಮನೇಲೂ ಉಣ್ಣೆ ಹಿಂಜೋದು ಕಂಬಳಿ ನೇಯೋದೇ ಕಸುಬು, ಅದಕ್ಕೇ ಆ ಸಾಲು ಓದಿದಾಗ ಕಣ್ಣು ಅಲ್ಲೇ ನಿಂತ್ಕೊಳ್ತು. ಯಾಕೆ ಅವ್ರೇ? ತಿಳಿದೋರು ಹೇಳಿ.

ಹಳೇಪೇಟೆ ಮೇಷ್ಟ್ರು

ತಮ್ಮಾ, ಇದನ್ನ ಧರ್ಮದಿಂದ ಶುರು ಮಾಡ್ಬೇಡ, ದುಡ್ಡಿಂದ ಶುರು ಮಾಡು, ಆಗ ಗಂಟು ತಾನಾಗೇ ಬಿಚ್ಕೊಳ್ತೈತೆ.

ಮೊದ್ಲು ಮನೆತನ ನೋಡು. ಅಪ್ಪನ ಹೆಸರೂ ಗಿಯೋಮ್ ಬ್ರಿಸೊನೆನೇ, ಎಂಟನೇ ಚಾರ್ಲ್ಸ್ ದೊರೆಯ ಖಜಾನೆ ನೋಡ್ಕೊಳ್ತಿದ್ದ ಆಸಾಮಿ. ಹೆಂಡ್ತಿ ತೀರ್ಕೊಂಡ್ಮೇಲೆ ಪಾದ್ರಿ ದೀಕ್ಷೆ ತಗೊಂಡು ಸೇಂಟ್ ಮಾಲೋಗೆ ಬಿಷಪ್ಪಾದ, 1495ರಲ್ಲಿ ಕಾರ್ಡಿನಲ್ಲು (ಪೋಪಿನ ಕೆಳಗಿನ ದೊಡ್ಡ ಪದವಿ), 1498ರಲ್ಲಿ ಹನ್ನೆರಡನೇ ಲೂಯಿ ತಲೆ ಮೇಲೆ ಕಿರೀಟ ಇಟ್ಟೋನೂ ಇವನೇ. ಮಗನ್ನ 1489ರಲ್ಲಿ ಲೊದೇವ್ ಅನ್ನೋ ಊರಿಗೆ ಬಿಷಪ್ ಮಾಡ್ಸಿದಾಗ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರ್ಲಿಲ್ಲ. 1507ರಲ್ಲಿ ಪ್ಯಾರಿಸ್ಸಿನ ಸೇಂಟ್ ಜರ್ಮೇನ್ ದೆ ಪ್ರೇ ಮಠನೂ ಅಪ್ಪನ ಕೈಯಿಂದ ಮಗನ ಕೈಗೆ ಬಂತು. ಸೋದರಮಾವ ಸಂಬ್ಲಾಂಸೆ ಒಂದನೇ ಫ್ರಾನ್ಸಿಸ್ ರಾಜನ ಹಣಕಾಸು ನೋಡ್ತಿದ್ದ (1527ರಲ್ಲಿ ಅದೇ ರಾಜ ಅವನನ್ನ ನೇಣಿಗೆ ಹಾಕ್ಸಿದ, ಅದು ಬೇರೆ ಕತೆ). ಒಟ್ನಲ್ಲಿ ಯಾವ ರೋಗಕ್ಕೆ ಮುಂದೆ ಇವ್ನು ಮದ್ದು ಅರೆಯಕ್ಕೆ ಕೂತ್ನೋ ಇವ್ನ ಪೀಠ ಬಂದಿದ್ದೇ ಆ ರೋಗದ ದೆಸೆಯಿಂದ. ಇದನ್ನ ಸೆಮಿನಾರಲ್ಲಿ ಬಿಡ್ಬೇಡ.

ಆದ್ರೂ ಇವ್ನು ಅಪ್ಪನ ಥರ ಆಗ್ಲಿಲ್ಲ ಅನ್ನೋದೇ ವಿಶೇಷ. ಪ್ಯಾರಿಸ್ಸಿನ ಆ ಮಠದಲ್ಲಿ ಸನ್ಯಾಸಿಗಳನ್ನ ನಿಯಮಕ್ಕೆ ತಂದ, ಲೆಫೆವ್ರ್‌ಗೆ ಅಲ್ಲೇ ಇರಕ್ಕೆ ಜಾಗ ಕೊಟ್ಟ. ಆ ಲೆಫೆವ್ರ್ 1512ರಲ್ಲಿ ಸಂತ ಪೌಲನ ಪತ್ರಗಳ ಮೇಲೆ ವ್ಯಾಖ್ಯಾನ ಬರೆದು ಇವನಿಗೇ ಅರ್ಪಣೆ ಮಾಡ್ಯಾನೆ, ಲೂಥರ್ ವಿಟೆನ್‌ಬರ್ಗಲ್ಲಿ ಗಲಾಟೆ ಎಬ್ಬಿಸೋಕೆ ಐದು ವರ್ಷ ಮುಂಚೆ, ಮನುಷ್ಯ ಉದ್ಧಾರ ಆಗೋದು ದೇವ್ರ ಕೃಪೆಯಿಂದ, ತಾನು ಮಾಡಿದ ಪುಣ್ಯದ ಲೆಕ್ಕದಿಂದ ಅಲ್ಲ ಅನ್ನೋ ಮಾತು ಅದ್ರಲ್ಲಿ ಆಗ್ಲೇ ಐತೆ. ಆಗ ಯಾರೂ ಗದರಲಿಲ್ಲ, ಯಾಕಂದ್ರೆ ಅದು ಲ್ಯಾಟಿನ್ನು, ಓದೋರು ನಾಕು ಜನ.

1516ರಲ್ಲಿ ಪೋಪ್ ಹತ್ತನೇ ಲಿಯೋಗೂ ಫ್ರಾನ್ಸಿಸ್ ದೊರೆಗೂ ಬೊಲೊನ್ಯ ಒಪ್ಪಂದ ಆಯ್ತಲ್ಲ, ಫ್ರಾನ್ಸಲ್ಲಿ ಯಾರು ಬಿಷಪ್ ಆಗ್ಬೇಕು ಅಂತ ಹೆಸರಿಸೋ ಹಕ್ಕು ರಾಜಂಗೆ ಸಿಕ್ತಲ್ಲ, ಆ ಹೊತ್ತಲ್ಲಿ ಬ್ರಿಸೊನೆ ರಾಜನ ಕಡೆಯಿಂದ ರೋಮಿಗೆ ಹೋಗಿದ್ದ. ವಾಪಸ್ ಬಂದು ತನ್ನ ಸೀಮೆ ಸುತ್ತಿ ನೋಡ್ತಾನೆ, ಊರೂರಲ್ಲಿ ಪಾದ್ರಿನೇ ಇಲ್ಲ! ಹೆಸರು ಒಬ್ಬಂದು, ಆದಾಯ ಅವಂಗೆ, ಆಸಾಮಿ ಪ್ಯಾರಿಸ್ಸಲ್ಲಿ ಆರಾಮಾಗಿರೋನು, ಹಳ್ಳೀಲಿ ಪೂಜೆ ಮಾಡಕ್ಕೆ ಲ್ಯಾಟಿನ್ನೂ ನೆಟ್ಟಗೆ ಬಾರದ ಒಬ್ಬ ಬಡಪಾಯಿಗೆ ಮೂರು ಕಾಸು. ನಮ್ ಕಡೆ ಹಿಂದೆ ಕೆಲವು ಹಳ್ಳಿ ಸ್ಕೂಲಲ್ಲಿ ನಡೀತಿತ್ತಲ್ಲ, ಮೇಷ್ಟ್ರು ಸಂಬಳ ತಗೊಂಡು ಪ್ಯಾಟೇಲಿ ಅಂಗಡಿ ನೋಡ್ಕೊಳ್ಳೋದು, ಪಿಯುಸಿ ಫೇಲಾದ ಹುಡುಗನ್ನ ತಿಂಗಳಿಗಿಷ್ಟು ಅಂತ ಕೂರ್ಸೋದು, ಅದೇ ಪದ್ಧತಿ. ಬ್ರಿಸೊನೆ ಇದಕ್ಕೆ ಮಾಡಿದ ಉಪಾಯ ಏನಪ್ಪಾ ಅಂದ್ರೆ ಸೀಮೆನ 32 ಭಾಗ ಮಾಡಿದ್ದು, ಈಸ್ಟರ್ ಮುಂಚಿನ ತಪಸ್ಸುಕಾಲ, ಕ್ರಿಸ್‌ಮಸ್ ಮುಂಚಿನ ಆಗಮನಕಾಲ ಬಂದಾಗ ಒಂದೊಂದು ಭಾಗಕ್ಕೂ ತಾನು ಆರಿಸಿದ ಒಬ್ಬೊಬ್ಬ ಪ್ರಬೋಧಕ ಹೋಗ್ಬೇಕು, ಜನರ ಮಾತಲ್ಲಿ ಹೇಳ್ಬೇಕು ಅಂತ ಮಾಡಿದ್ದು.

ಅಲ್ಲೇ ಕಿಚ್ಚು ಹತ್ತಿದ್ದು. ಮೋ ಊರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ ಇತ್ತು, ಸೊಂಟಕ್ಕೆ ಹಗ್ಗ ಕಟ್ಕೊಂಡು ತಿರುಗ್ತಿದ್ರಲ್ಲ ಅವ್ರು. ಪ್ರಬೋಧನೆ ಹೇಳೋದು, ಕಾಣಿಕೆ ಎತ್ತೋದು ಅವರ ಹಳೇ ಬಾಬತ್ತು. ದುಡ್ಡಿರೋ ಊರಿಗೆ ಮಾತ್ರ ಹೋಗ್ತೀರಿ, ಬಡ ಹಳ್ಳಿ ಕಡೆ ತಲೆನೂ ಹಾಕಲ್ಲ ಅನ್ನೋದು ಬಿಷಪ್ಪಿನ ತಕರಾರು. ಈಗ 32 ಕಡೆ ಹೊಸ ಪ್ರಬೋಧಕರು ಬಂದು ಕೂತ್ರೆ ಅವರ ಜೋಳಿಗೆಗೆ ಬೀಳೋದೇನು? ಅವ್ರು ಪ್ಯಾರಿಸ್ಸಿನ ಪಾರ್ಲಮಾಗೆ, ಅಂದ್ರೆ ಆಗಿನ ದೊಡ್ಡ ಕೋರ್ಟಿಗೆ ಹೋದ್ರು. ಅವ್ರ ಹಕ್ಕಿನ ಜಗಳ ಮೊದ್ಲು, ಪಾಷಂಡಿ (ಚರ್ಚಿನ ನಂಬಿಕೆಗೆ ವಿರುದ್ಧ ಹೋದೋನು) ಅನ್ನೋ ಆಪಾದನೆ ಆಮೇಲೆ. ನಿನ್ ಸೆಮಿನಾರಿನ ಜೀವ ಇಲ್ಲೈತೆ ಅನ್ಸುತ್ತೆ ನಂಗೆ.

ಮಂಡಕ್ಕಿ ಮಿರ್ಚಿ

ಮೇಷ್ಟ್ರೆ ಚೆನ್ನಾಗಿ ಹೇಳಿದ್ರಿ, ಆದ್ರೆ ಮುಖ್ಯವಾದ್ದು ಬಿಟ್ರಿ. ನಾನು ಸೀದಾ ಹೇಳ್ತೀನಿ, ಹೆದರಿದ. ಅಷ್ಟೇ.

1524ರ ಡಿಸೆಂಬರಲ್ಲಿ ಏನಾಯ್ತು ನೋಡು ಚಳ್ಳಕೆರೆ. ಪೋಪ್ ಏಳನೇ ಕ್ಲೆಮೆಂಟ್ ಕಳ್ಸಿದ ಪಾಪವಿಮೋಚನೆ ಪತ್ರನ (ಪಾಪದ ಶಿಕ್ಷೆ ಕಮ್ಮಿ ಆಗುತ್ತೆ ಅಂತ ಚರ್ಚು ಕೊಡ್ತಿದ್ದ ಪತ್ರ) ಮೋ ಊರಿನ ದೊಡ್ಡ ಚರ್ಚಿನ ಬಾಗಿಲಿಗೆ ಅಂಟ್ಸಿದ್ರು. ಯಾರೋ ಅದನ್ನ ಹರಿದು ಪೋಪೇ ಕ್ರಿಸ್ತವಿರೋಧಿ ಅಂತ ಬರೆದ ಹಾಳೆ ಅಂಟ್ಸಿಬಿಟ್ರು. ಸಿಕ್ಕಿಬಿದ್ದೋನು ಜಾನ್ ಲೆಕ್ಲೆರ್, ಉಣ್ಣೆ ಹಿಂಜೋನು. ಮೂರು ದಿನ ಬೀದೀಲಿ ಚಾವಟಿ ಏಟು, ಆಮೇಲೆ ಹಣೆಗೆ ಕಾದ ಕಬ್ಬಿಣದ ಬರೆ. ಬರೆ ಹಾಕುವಾಗ ಪಕ್ಕದಲ್ಲೇ ನಿಂತಿದ್ದ ಅವನ ತಾಯಿ ಅಳ್ಲಿಲ್ಲ ಕಣ್ರೀ, ಯೇಸುಗೆ ಜಯವಾಗ್ಲಿ, ಅವನ ಗುರುತಿಗೆ ಜಯವಾಗ್ಲಿ ಅಂತ ಕೂಗಿದ್ಲಂತೆ. ಅಲ್ಲಿಂದ ಓಡ್ಸಿದ ಮೇಲೆ ಲೆಕ್ಲೆರ್ ಮೆಟ್ಸ್ ಪಟ್ಟಣಕ್ಕೆ ಹೋದ, ಅಲ್ಲಿ ಮೂರ್ತಿ ಒಡೆದ ಅಂತ 1525ರ ಜುಲೈನಲ್ಲಿ ಸುಟ್ಟು ಹಾಕಿದ್ರು.

ಈಗ ಹೇಳಿ, ಆ ಉಣ್ಣೆ ಹಿಂಜೋನಿಗೆ ಸುವಾರ್ತೆ ಪುಸ್ತಕ ಕೈಗೆ ಕೊಟ್ಟೋರ್ಯಾರು? ಬಿಷಪ್ಪು. ಓದು ಅಂದೋರ್ಯಾರು? ಬಿಷಪ್ಪೇ ಕರೆಸಿದ ಪಂಡಿತರು. ಅವ್ನು ಓದಿ, ಅರ್ಥ ಮಾಡ್ಕೊಂಡು, ಇದ್ರಲ್ಲಿ ಪೋಪೂ ಇಲ್ಲ ಪತ್ರನೂ ಇಲ್ವಲ್ಲ ಅಂದಾಗ ಬಿಷಪ್ಪು ಏನ್ಮಾಡ್ದ? ಹಾಳೆ ಹರಿದೋರ ಮೇಲೆ ಬಹಿಷ್ಕಾರ ಅಂದ. ನಮ್ಮಪ್ಪ ಇದೇ ಊರಲ್ಲಿ ಮಿಲ್ಲಲ್ಲಿ ಕೆಲಸ ಮಾಡ್ದೋರು, ಸ್ಟ್ರೈಕಿನ ಕಾಲದಲ್ಲಿ ಮೈಕ್ ಹಿಡಿದು ಮಾತಾಡಿದ ದೊಡ್ಡೋರು ಕೊನೆಗೆ ಎಲ್ಲಿ ಹೋಗಿ ಕೂತ್ರು, ಗೇಟಲ್ಲಿ ನಿಂತೋರ ಗತಿ ಏನಾಯ್ತು ಅನ್ನೋದನ್ನ ಮನೇಲಿ ಕೇಳ್ಕೊಂಡೇ ಬೆಳೆದಿದೀನಿ. ಹಂಗಾಗಿ ನಂಗೆ ಲೆಕ್ಲೆರ್ ಹೀರೋ, ಬ್ರಿಸೊನೆ ಅಲ್ಲ.

ಪ್ರಾಟೆಸ್ಟಂಟ್ ಕಡೆಯೋರು ಹೇಳೋ ಒಂದು ಕತೆನೂ ಐತೆ, ನಿಜನೋ ಸುಳ್ಳೋ, ಬಿಷಪ್ಪು ಒಂದ್ಸಲ ಜನಕ್ಕೆ ಹೇಳಿದ್ನಂತೆ, ನಾಳೆ ನಾನೇ ಮಾತು ಬದಲಾಯಿಸಿದ್ರೂ ನೀವು ಮಾತ್ರ ಬದಲಾಯಿಸ್ಬೇಡಿ ಅಂತ. ಹಂಗಂದಿದ್ರೆ ಅವಂಗೆ ಮೊದ್ಲೇ ಗೊತ್ತಿತ್ತು ತಾನು ಜಾರ್ಕೊಳ್ಳೋನು ಅಂತ!

ದುರ್ಗದ ಟೀಚರ್

ಮಂಡಕ್ಕಿ ಮಿರ್ಚಿ ಅವರೇ, ಲೆಕ್ಲೆರ್ ವಿಷಯ ಓದಿದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 'ಹೆದರಿದ' ಅನ್ನೋಕೆ ಮುಂಚೆ ತಾರೀಕು ಸ್ವಲ್ಪ ನೋಡಿ. ಲೂಥರ್ ಪುಸ್ತಕದ ಮೇಲೆ ಅವನು ನಿಷೇಧ ಹಾಕಿದ್ದು 1523 ಅಕ್ಟೋಬರ್ 15ಕ್ಕೆ. ಅವತ್ತು ರಾಜ ಗಟ್ಟಿಯಾಗಿದ್ದ, ರಾಜನ ಅಕ್ಕ ಮಾರ್ಗರೀತ್ ಇವನಿಗೇ ಪತ್ರ ಬರೆದು ಬರೆದು ಆತ್ಮದ ವಿಚಾರ ಕೇಳ್ತಿದ್ದಳು, 1521ರಿಂದ 1524ರ ತನಕ ಇಬ್ಬರ ನಡುವೆ ನೂರಕ್ಕೂ ಮೀರಿ ಪತ್ರ ಓಡಾಡಿವೆ. ಅಂಥ ಹೊತ್ತಲ್ಲಿ ಯಾರಿಗೆ ಹೆದರಬೇಕಿತ್ತು? ಅದೇ ಅಕ್ಟೋಬರಲ್ಲಿ ಶುದ್ಧೀಕರಣ ಸ್ಥಳ (ಸತ್ತಮೇಲೆ ಆತ್ಮ ಶುದ್ಧವಾಗೋ ಜಾಗ) ಇಲ್ಲ, ಸಂತರಿಗೆ ಮೊರೆ ಇಡಬಾರದು ಅಂತ ಯಾರೂ ಬೋಧಿಸೋ ಹಾಗಿಲ್ಲ ಅಂತಲೂ ಹೇಳಿದ್ದಾನೆ. ನನಗೆ ಕಾಣೋದು, ಅವನು ಅದನ್ನೆಲ್ಲ ನಂಬಿದ್ದ. ಶುಭಸಂದೇಶ (ಸುವಾರ್ತೆ) ಜನರ ಕೈಗೆ ಹೋಗಬೇಕು ಅನ್ನೋದನ್ನೂ ನಂಬಿದ್ದ. ಎರಡೂ ಒಟ್ಟಿಗೆ ಇರಬಾರದು ಅಂತ ನಮಗೆ ಅನಿಸೋದು ನಾವು ಕತೆಯ ಕೊನೆ ಗೊತ್ತಿದ್ದು ಓದ್ತಾ ಇರೋದ್ರಿಂದ.

ನಾನು ಕ್ಯಾಥೊಲಿಕ್, ಅದಕ್ಕೆ ಈ ಕಡೆ ವಾಲ್ತೀನಿ ಅಂತ ಬೇಕಾದ್ರೆ ಅಂದ್ಕೊಳ್ಳಿ. ನಮ್ಮ ಮನೆಯ ಹಿರಿಯರು ಬಲಿಪೂಜೆಯನ್ನ ಲ್ಯಾಟಿನ್ನಲ್ಲೇ ಕೇಳಿದವರು. ಕನ್ನಡದಲ್ಲಿ ಪೂಜೆ ಬಂದಿದ್ದು ಎರಡನೇ ವ್ಯಾಟಿಕನ್ ಮಹಾಸಭೆ ಆದಮೇಲೆ, ಅದು ನಡೆದಿದ್ದು 1962ರಿಂದ 65. ದುರ್ಗ, ದಾವಣಗೆರೆ, ಶಿವಮೊಗ್ಗ ಮೂರೂ ಸೇರಿ ಶಿವಮೊಗ್ಗ ಧರ್ಮಪ್ರಾಂತ್ಯ ಆಗಿದ್ದು 1988ರಲ್ಲಿ. ಮೋ ಊರಿನಲ್ಲಿ ಆ ದಿನದ ಶುಭಸಂದೇಶ ವಾಚನವನ್ನ ಫ್ರೆಂಚಲ್ಲಿ ಓದಿಸಿದ್ದು 1520ರ ದಶಕದಲ್ಲಿ ಅಂದ್ರೆ, ಲೆಕ್ಕ ಹಾಕಿ ಎಷ್ಟು ಮುಂಚೆ ಅಂತ. ಅಂಥವನನ್ನ ಒಂದೇ ಪದದಲ್ಲಿ ಮುಗಿಸಬೇಡಿ.

ಮಾತು ನಿಜವಾಗಿ ಕೆಟ್ಟಿದ್ದು 1525 ಫೆಬ್ರವರಿ 24ಕ್ಕೆ, ಇಟಲಿಯ ಪವಿಯಾ ಯುದ್ಧದಲ್ಲಿ. ಫ್ರಾನ್ಸಿಸ್ ದೊರೆ ಸೆರೆ ಸಿಕ್ಕ, ಅವನನ್ನ ಮ್ಯಾಡ್ರಿಡ್‌ಗೆ ಕರ್ಕೊಂಡು ಹೋದ್ರು. ರಾಜ್ಯ ನೋಡ್ಕೊಳ್ಳೋಕೆ ನಿಂತ ಅವನ ತಾಯಿ ಲೂಯಿಸ್‌ಗೆ ಪಾರ್ಲಮಾದ ಬೆಂಬಲ ಬೇಕಿತ್ತು, ಪ್ಯಾರಿಸ್ ವಿಶ್ವವಿದ್ಯಾಲಯದ ದೇವಶಾಸ್ತ್ರ ವಿಭಾಗ ಸೊರ್ಬಾನ್‌ನ ಪಂಡಿತರು ಮತ್ತು ಅವರ ಮುಖಂಡ ನೋಯೆಲ್ ಬೆದಾ ಇದೇ ಸಮಯ ಅಂತ ಮೋ ಮೇಲೆ ಬಿದ್ದರು. ಲೆಫೆವ್ರ್, ರುಸೆಲ್ ಇಬ್ಬರೂ ಸ್ಟ್ರಾಸ್‌ಬರ್ಗ್‌ಗೆ ಓಡಿಹೋದರು. ಬಿಷಪ್ಪನ್ನ ಅಕ್ಟೋಬರಲ್ಲಿ ವಿಚಾರಣೆಗೆ ಕರೆದರು. ಎಲ್ಲಾ ನ್ಯಾಯಾಧೀಶರೂ ಕೂತ ತುಂಬಿದ ಸಭೆಯಲ್ಲಿ ನನ್ನನ್ನ ಕೇಳಿ ಅಂತ ಅವನು ಬೇಡಿಕೊಂಡ, ಒಪ್ಪಲಿಲ್ಲ, ಇಬ್ಬರು ಸದಸ್ಯರನ್ನ ಕೂರಿಸಿ ಮುಚ್ಚಿದ ಬಾಗಿಲ ಹಿಂದೆ ಪ್ರಶ್ನೆ ಹಾಕಿದರು. ಕೊನೆಗೆ 200 ಲಿವ್ರ್ (ಆಗಿನ ಫ್ರೆಂಚ್ ಹಣ) ಕಕ್ಕಿಸಿದರು, ಯಾತಕ್ಕೆ ಗೊತ್ತಾ, ಅವನದೇ ಸೀಮೆಯ ಪಾಷಂಡಿಗಳ ವಿಚಾರಣೆ ಖರ್ಚಿಗೆ. ತುಂಬಿದ ಸಭೆಯಲ್ಲೇ ಕೇಳಿ ಅಂತ ಹಟ ಹಿಡಿದವನನ್ನ ಹೇಡಿ ಅನ್ನೋಕೆ ನನಗೆ ಬಾಯಿ ಬರಲ್ಲ.

ಮಂಡಕ್ಕಿ ಮಿರ್ಚಿ

ಟೀಚರ್, ತಾರೀಕಿನ ವಿಷಯ ಒಪ್ದೆ. ಆದ್ರೆ ದುಡ್ಡು ಕಟ್ಟಿ ಪೀಠದಲ್ಲೇ ಉಳಿದ್ನಲ್ಲ. 1534ರ ಜನವರೀಲಿ ಸಾಯೋ ತನಕ ಬಿಷಪ್ಪಾಗೇ ಇದ್ದ. ಹಣೆಗೆ ಬರೆ ಬಿದ್ದಿದ್ದು ಯಾರಿಗೆ?

ಇದು ನಮ್ ಮಠಗಳ ಕತೆ ಥರಾನೇ ಐತಲ್ಲ ಅನ್ನಿಸ್ತು, ಪೀಠ ಮನೆತನದಲ್ಲೇ ಓಡಾಡೋದು, ಆಮೇಲೆ ಒಬ್ರು ಬಂದು ಜಾತಿ ಬೇಡ, ಶಾಲೆ ಕಟ್ಟಿ, ಕನ್ನಡದಲ್ಲಿ ಹೇಳಿ ಅನ್ನೋದು.

ಹಳೇಪೇಟೆ ಮೇಷ್ಟ್ರು

ಇಲ್ಲಪ್ಪ, ಆ ಹೋಲಿಕೆ ಬಾಳ ದೂರ ಹೋಗಲ್ಲ. ನಮ್ ಕಡೆ ಮಠಕ್ಕೆ ಮೇಲೆ ಒಬ್ಬ ಪೋಪ್ ಇಲ್ಲ, ಇಂಥೋರ್ನ ಕೂರ್ಸಿ ಅಂತ ಚೀಟಿ ಬರಿಯೋ ರಾಜನೂ ಈಗಿಲ್ಲ, ಭಕ್ತರು ಎದ್ದು ನಿಂತ್ರೆ ಸ್ವಾಮಿಗಳೂ ಕೇಳ್ಬೇಕಾಗ್ತೈತೆ. ಬ್ರಿಸೊನೆಗೆ ಮೇಲೆ ಮೂರು ಯಜಮಾನ್ರು, ರೋಮು, ರಾಜ, ಪಾರ್ಲಮಾ. ಮೂವರೂ ಒಂದೇ ದಿಕ್ಕಿಗೆ ನೋಡಿದ್ದು ಅಪರೂಪ. ಭಕ್ತರ ಮಾತಂತೂ ಲೆಕ್ಕಕ್ಕೇ ಇಲ್ಲ. ಹನ್ನೆರಡನೇ ಶತಮಾನದ ಶರಣರನ್ನ ತಂದು ಹೋಲ್ಸೋರು ಇದಾರೆ, ಹುಡುಗ ಅದಕ್ಕೂ ಕೈ ಹಾಕದೇ ಇರ್ಲಿ, ಹದಿನೈದು ನಿಮಿಷದ ಸೆಮಿನಾರಲ್ಲಿ ಕಲ್ಯಾಣಕ್ಕೆ ಹೋಗಿ ಮೋಗೆ ವಾಪಸ್ ಬರಕ್ಕಾಗಲ್ಲ.

ಉಣ್ಣೆ ಗೋಡೌನ್

ಕಂಬಳಿ ವಿಷಯ ಬಂತು ಅಂತ ಬಂದೆ. ನಾನು ಚಳ್ಳಕೆರೆ ಕಡೆ ಉಣ್ಣೆ ವ್ಯಾಪಾರ ಮಾಡೋನು, ಚರ್ಚು ಬಿಷಪ್ಪು ಎಲ್ಲಾ ನಂಗಷ್ಟು ತಿಳಿಯಲ್ಲ, ನಮ್ ಮಗ ಕಾಲೇಜಲ್ಲಿ ಇದೇ ಓದ್ತಾನೆ ಅವನೇ ತೋರ್ಸಿದ್ದು. ತಮ್ಮಾ, 'ಯಾಕೆ ಉಣ್ಣೆ ಹಿಂಜೋರೇ' ಅಂತ ಕೇಳಿದೀಯಲ್ಲ, ನಿಮ್ ತಾತನ್ನ ನೆನೆಸ್ಕೋ ಗೊತ್ತಾಗುತ್ತೆ.

ಕುರಿ ಉಣ್ಣೆ ಕತ್ತರಿಸಿ ತಂದು ಗುಡ್ಡೆ ಹಾಕ್ತಾರೆ, ಕಸ ಮುಳ್ಳು ಆರಿಸ್ತಾರೆ, ಆಮೇಲೆ ಕರಿ ಬಿಳಿ ಬೇರೆ ಮಾಡಿ ಹಿಂಜಕ್ಕೆ ಕೂರ್ತಾರೆ. ನಮ್ ಕಡೆ ಬಿಲ್ಲಲ್ಲಿ ಹಿಂಜೋರು, ಆ ದೇಶದಲ್ಲಿ ತಂತಿ ಹಲ್ಲಿನ ಎರಡು ಹಲಗೆ ಮಧ್ಯೆ ಉಣ್ಣೆ ಇಟ್ಟು ಎಳೀತಿದ್ರಂತೆ, ಮಗ ಚಿತ್ರ ತೋರ್ಸಿದ. ಯಾವ್ದಾದ್ರೂ ಆಗ್ಲಿ, ಬೆಳಿಗ್ಗಿಂದ ಸಂಜೆ ತನಕ ಒಂದೇ ಕಡೆ ಗುಂಪಾಗಿ ಕೂತು ಮಾಡೋ ಕೆಲಸ. ನೇಯೋನಿಗೆ ಎಳೆ ತಪ್ಪದಂಗೆ ನೋಡ್ತಾ ಇರ್ಬೇಕು, ಹುಣಸೆಬೀಜದ ಸರಿ ಹಾಕುವಾಗ್ಲೂ ಕಣ್ಣು ಅಲ್ಲೇ ಇರ್ಬೇಕು, ಹಿಂಜೋನಿಗೆ ಅಷ್ಟಿಲ್ಲ, ಕೈ ತಂತಾನೇ ಆಡ್ತಿರುತ್ತೆ ಕಿವಿ ಬಾಯಿ ಎರಡೂ ಖಾಲಿ. ನಮ್ ಹಟ್ಟೀಲಿ ಹಿಂಜೋ ಜಾಗದಲ್ಲೇ ಪದ ಹೇಳೋರು, ಜುಂಜಪ್ಪನ ಕತೆ ಹೇಳೋರು, ಊರ ನ್ಯಾಯನೂ ಅಲ್ಲೇ ಅರ್ಧ ತೀರ್ತಿತ್ತು. ಅಂಥ ಜಾಗಕ್ಕೆ ಓದು ಬರೋ ಒಬ್ಬನ ಕೈಲಿ ಒಂದು ಪುಸ್ತಕ ಕೊಟ್ಟು ನೋಡಿ. ಒಬ್ಬ ಓದಿದ್ರೆ ಹತ್ತು ಜನಕ್ಕೆ ಮುಟ್ತು. ನಂಗನ್ಸೋದು ಇಷ್ಟೇ.

ಕೂಲಿ ಬೇರೆ ಕಮ್ಮಿ ಇರುತ್ತೆ ಹಿಂಜೋನಿಗೆ. ಬಟ್ಟೆ ಕಸುಬಲ್ಲಿ ಕೊನೇ ಮೆಟ್ಟಲು ಅವ್ನೇ. ಪಾಪವಿಮೋಚನೆ ಪತ್ರಕ್ಕೆ ಕಾಸು ಬಿಚ್ಚಿ ಅಂದ್ರೆ ಮೊದ್ಲು ಸಿಟ್ಟು ಬರೋದು ಅವಂಗೇ.

ಚಳ್ಳಕೆರೆಯೋನು

ಅಣ್ಣ ಇದು ಯಾವ ಪುಸ್ತಕದಲ್ಲೂ ಸಿಕ್ಕಿರ್ಲಿಲ್ಲ, ಬಾಳ ಥ್ಯಾಂಕ್ಸ್. ಇದನ್ನ ಹಂಗೇ ಹಾಕಕ್ಕಾಗಲ್ಲ ಮೇಡಂ ಆಧಾರ ಕೇಳ್ತಾರೆ, ಆದ್ರೂ ಮಾತಲ್ಲಿ ಹೇಳ್ತೀನಿ.

ಟೀಚರ್ ನಿಮಗೊಂದು ಪ್ರಶ್ನೆ. ಇವನಿಗಿಂತ ಗಟ್ಟಿ ನಿಂತ ಬಿಷಪ್ ಯಾರೂ ಇರ್ಲಿಲ್ವಾ ಹಂಗಾದ್ರೆ? ಮತ್ತೆ ಇವ್ನು ಮಾಡಿದ್ದು ಎಲ್ಲಾ 1525ಕ್ಕೆ ನೀರಲ್ಲಿ ಹೋಮ ಆಯ್ತಾ?

ದುರ್ಗದ ಟೀಚರ್

ಗಟ್ಟಿ ನಿಂತವರು ಅಂದ್ರೆ ಇಂಗ್ಲೆಂಡಿನ ರೊಚೆಸ್ಟರ್ ಬಿಷಪ್ ಜಾನ್ ಫಿಶರ್. 1504ರಿಂದ ಅದೇ ಬಡ ಪೀಠದಲ್ಲಿ ಉಳಿದ, ದೊಡ್ಡದಕ್ಕೆ ಆಸೆ ಪಡಲಿಲ್ಲ, ತಾನೇ ಪ್ರಬೋಧನೆ ಹೇಳ್ತಿದ್ದ, ಕೇಂಬ್ರಿಡ್ಜಲ್ಲಿ ಗ್ರೀಕ್ ಹೀಬ್ರೂ ಓದಿಗೆ ದಾರಿ ಮಾಡಿದ. ಎಂಟನೇ ಹೆನ್ರಿ ಚರ್ಚಿಗೆ ತಾನೇ ಯಜಮಾನ ಅಂದಾಗ ಉಳಿದ ಬಿಷಪ್ಪುಗಳೆಲ್ಲ ತಲೆಬಾಗಿದರು, ಇವನು ಬಾಗಲಿಲ್ಲ, 1535 ಜೂನ್ 22ಕ್ಕೆ ತಲೆ ತೆಗೆದರು. ಸ್ಪೇನಿನಲ್ಲಿ ಟೊಲೆಡೊದ ಆರ್ಚ್‌ಬಿಷಪ್ ಸಿಸ್ನೆರೊಸ್ ಇದ್ದ, ಅಲ್ಕಲಾದಲ್ಲಿ ವಿಶ್ವವಿದ್ಯಾಲಯ ಕಟ್ಟಿ ಹೀಬ್ರೂ, ಗ್ರೀಕ್, ಲ್ಯಾಟಿನ್ ಅಕ್ಕಪಕ್ಕ ಇರೋ ಬೈಬಲ್ ಅಚ್ಚು ಹಾಕಿಸಿದ. ಅವನು ತೀರಿಕೊಂಡಿದ್ದು 1517 ನವೆಂಬರ್ 8ಕ್ಕೆ, ಲೂಥರ್ ಪಾಪವಿಮೋಚನೆ ಪತ್ರದ ವಿರುದ್ಧ 95 ವಾದಗಳನ್ನ ಮುಂದಿಟ್ಟ ಮುಂದಿನ ವಾರ! ಅವನಿಗೆ ಪರೀಕ್ಷೆಯೇ ಬರಲಿಲ್ಲ ನೋಡಿ, ಅದಕ್ಕೆ ಹೆಸರು ಕೆಡಲಿಲ್ಲ. ಬ್ರಿಸೊನೆ ಮಾತ್ರ ಎರಡೂ ಕಾಲದ ಮಧ್ಯೆ ಸಿಕ್ಕಿಹಾಕೊಂಡ.

ನೀರಲ್ಲಿ ಹೋಮ ಆಯ್ತಾ ಅಂದ್ರೆ, ಮೇಷ್ಟ್ರು ಹೇಳಿದ ಆ ಫ್ರಾನ್ಸಿಸ್ಕನ್ ಜಗಳಕ್ಕೇ ವಾಪಸ್ ಬನ್ನಿ. 1546 ಜೂನ್ 17ಕ್ಕೆ ಕ್ಯಾಥೊಲಿಕ್ ಬಿಷಪ್ಪುಗಳು ಸೇರಿದ ಟ್ರೆಂಟ್ ಮಹಾಸಭೆ ಒಂದು ನಿರ್ಣಯ ಮಾಡ್ತು, ಪ್ರಬೋಧನೆ ಮಾಡೋದೇ ಬಿಷಪ್ಪಿನ ಮುಖ್ಯ ಕೆಲಸ, ಸನ್ಯಾಸಿಗಳು ತಮ್ಮ ಸಂಘದ ಚರ್ಚು ಬಿಟ್ಟು ಬೇರೆ ಕಡೆ ಪ್ರಬೋಧನೆ ಹೇಳಬೇಕಾದ್ರೆ ಬಿಷಪ್ಪಿನ ಅನುಮತಿ ಇರಲೇಬೇಕು ಅಂತ. ಬ್ರಿಸೊನೆ ಯಾವ ಮಾತಿಗೆ ಕೋರ್ಟು ಹತ್ತಿದ್ನೋ ಆ ಮಾತು ಇಡೀ ಕ್ಯಾಥೊಲಿಕ್ ಚರ್ಚಿನ ಕಾನೂನಾಯ್ತು, ಅವನು ಸತ್ತು ಹನ್ನೆರಡು ವರ್ಷ ಆದಮೇಲೆ. ಪಾದ್ರಿ ಅವನ ಊರಲ್ಲೇ ಇರಬೇಕು, ಪಾದ್ರಿಗಳನ್ನ ತಯಾರು ಮಾಡೋಕೆ ಗುರುಮಠ ಇರಬೇಕು ಅನ್ನೋದೆಲ್ಲ 1563ರೊಳಗೆ ಆಯ್ತು. ಜನರ ಭಾಷೆಯ ಬೈಬಲ್ ಮಾತ್ರ ಬಾಗಿಲ ಹೊರಗೇ ಉಳೀತು, ಅದನ್ನ ಕ್ಯಾಥೊಲಿಕ್ಕಳಾಗಿ ನಾನೇ ಹೇಳ್ತಿದೀನಿ.

ಮಂಡಕ್ಕಿ ಮಿರ್ಚಿ

1546 ಅಂದ್ರಲ್ಲ ಟೀಚರ್, ಅದೇ ವರ್ಷದ ಅಕ್ಟೋಬರ್ 7ನ್ನೂ ಹೇಳ್ಬೇಕಿತ್ತು. ಮೋ ಊರಿನ ದೊಡ್ಡ ಮಾರ್ಕೆಟಲ್ಲಿ 14 ಜನರನ್ನ ಕಂಬಕ್ಕೆ ಕಟ್ಟಿ ಸುಟ್ರು. ಎತಿಯೆನ್ ಮಾಂಜೆನ್ ಅನ್ನೋನ ಮನೇಲಿ ಸೇರಿ ತಾವೇ ಒಬ್ಬನ್ನ ಬೋಧಕ ಅಂತ ಆರಿಸ್ಕೊಂಡಿದ್ರು, ಆ ಬೋಧಕ ಪಿಯೇರ್ ಲೆಕ್ಲೆರ್, ಹಣೆಗೆ ಬರೆ ಹಾಕ್ಸಿಕೊಂಡ ಜಾನ್ ಲೆಕ್ಲೆರ್‌ನ ತಮ್ಮ, ಅವನೂ ಉಣ್ಣೆ ಹಿಂಜೋನೇ. ಜೂನಲ್ಲಿ ಬಿಷಪ್ಪಿಗೆ ಗೆಲುವು, ಅಕ್ಟೋಬರಲ್ಲಿ ಅವನ ಜನಕ್ಕೆ ಬೆಂಕಿ. ನಿಮ್ ಮೇಡಂ ನಿಲುವು ಕೇಳಿದ್ರೆ ಈ ಎರಡು ತಾರೀಕನ್ನ ಬೋರ್ಡ್ ಮೇಲೆ ಪಕ್ಕಪಕ್ಕ ಬರಿ.

ಹಳೇಪೇಟೆ ಮೇಷ್ಟ್ರು

ಇದು ಸರಿಯಾಗಿ ಹೇಳ್ದೆ ನೋಡು. ಇವತ್ತಿಗೆ ಮೊದ್ಲ ಸಲ ಮಿರ್ಚಿ ಜೊತೆ ಒಪ್ಪಿದೀನಿ.

ಚಳ್ಳಕೆರೆ, ಒಂದು ಮಾತ್ರ ಜ್ಞಾಪಕ ಇಟ್ಕೋ. ಯಾರ್ಯಾರು ಎಲ್ಲೆಲ್ಲಿ ಹೋದ್ರು ಅನ್ನೋದನ್ನ ಹೇಳ್ದೆ ಬಿಡ್ಬೇಡ. ಒಂದೇ ಊರಿಂದ ಹೊರಟೋರು. ಫರೆಲ್ ಸ್ವಿಟ್ಜರ್ಲೆಂಡ್ ಕಡೆ ಹೋದ, 1536ರಲ್ಲಿ ಜಿನೀವಾದಲ್ಲಿ ಕ್ಯಾಲ್ವಿನ್‌ನ ಗದರಿಸಿ ನಿಲ್ಲಿಸ್ಕೊಂಡೋನು ಅವನೇ. ರುಸೆಲ್ ಮಾರ್ಗರೀತಳ ಆಶ್ರಯಕ್ಕೆ ಹೋಗಿ ಆಮೇಲೆ ಒಲೊರೊನ್ ಅನ್ನೋ ಊರಿಗೆ ಕ್ಯಾಥೊಲಿಕ್ ಬಿಷಪ್ಪೇ ಆದ, ಕ್ಯಾಲ್ವಿನ್ ಅದಕ್ಕೆ ಕೆಂಡ ಕಾರಿದ. ಲೆಫೆವ್ರ್ ರಾಜ ಬಿಡುಗಡೆ ಆದ ಮೇಲೆ ವಾಪಸ್ ಬಂದು, ರಾಜನ ಮಕ್ಕಳಿಗೆ ಪಾಠ ಹೇಳಿ, ಕೊನೆಗೆ ನೆರಾಕ್‌ನಲ್ಲಿ 1536ರಲ್ಲಿ ತೀರ್ಕೊಂಡ, ಚರ್ಚು ಬಿಡ್ಲಿಲ್ಲ. ಒಂದೇ ಗುಂಪಿನ ಜನ ಇಷ್ಟು ದಿಕ್ಕಿಗೆ ಹೋದ್ರು ಅಂದ್ರೆ 1521ರಲ್ಲಿ ಮೋ ಊರಲ್ಲಿ ಕೂತಾಗ ಯಾರಿಗೂ ಗೆರೆ ಎಲ್ಲೈತೆ ಅಂತ ಗೊತ್ತಿರ್ಲಿಲ್ಲ. ಗೆರೆ ಎಳೆದಿದ್ದು ಆಮೇಲೆ.

ಚಳ್ಳಕೆರೆಯೋನು

ಸರಿ ಮೇಷ್ಟ್ರೆ. ಹಂಗಾದ್ರೆ ಹಿಂಗೆ ಮಾಡ್ತೀನಿ, ಮನೆತನ ಎರಡು ನಿಮಿಷ, 32 ಭಾಗ ಮತ್ತೆ ಕಾಣಿಕೆ ಜಗಳ ಜಾಸ್ತಿ ಹೊತ್ತು, ಆಮೇಲೆ ಲೆಕ್ಲೆರ್, ಆಮೇಲೆ ಪವಿಯಾ ಮತ್ತೆ ವಿಚಾರಣೆ, ಕೊನೆಗೆ 1546ರ ಎರಡು ತಾರೀಕು. ಫಿಶರ್, ಸಿಸ್ನೆರೊಸ್ ಇಬ್ರನ್ನೂ ಯಾರಾದ್ರೂ ಕೇಳಿದ್ರೆ ಮಾತ್ರ ಹೇಳ್ತೀನಿ.

ನಿಲುವು ಅಂತ ನಾನು ಹೇಳೋದು, ಹೇಡಿ ಅಲ್ಲ, ಕ್ರಾಂತಿಕಾರಿನೂ ಅಲ್ಲ, ಪಾದ್ರಿಗಳು ಸರಿಯಾದ್ರೆ ಚರ್ಚು ಸರಿಯಾಗುತ್ತೆ ಅಂತ ನಂಬಿದ್ದ ಬಿಷಪ್ಪು, ಪುಸ್ತಕ ಕೊಟ್ಟ ಮೇಲೆ ಓದಿದೋನು ಬಿಷಪ್ಪನ್ನ ಕೇಳ್ಕೊಂಡು ಯೋಚನೆ ಮಾಡಲ್ಲ ಅನ್ನೋದು ಅವನ ಲೆಕ್ಕದಲ್ಲಿ ಇರ್ಲಿಲ್ಲ ಅಂತ. ಮಿರ್ಚಿ ಅಣ್ಣ, ಇದಕ್ಕೆ ಬೈತೀರಾ?

ಮಂಡಕ್ಕಿ ಮಿರ್ಚಿ

ಬೈಯಲ್ಲ, ಒಪ್ಪದೂ ಇಲ್ಲ. ಲೆಕ್ಲೆರ್ ತಾಯಿ ಕೂಗಿದ್ದನ್ನ ಮಾತ್ರ ಬಿಟ್ಟೆ ಅಂದ್ರೆ ಸೆಮಿನಾರ್ ದಿನ ಕಾಲೇಜಿಗೇ ಬರ್ತೀನಿ.